ಬ್ಯಾಕ್ಟೀರಿಯಗಳ ರಕ್ಷಣಾವ್ಯವಸ್ಥೆ ಮತ್ತು ರೋಗಕಾರಕ ವಂಶವಾಹಿಗಳ ನಿಯಂತ್ರಣ

1

ಭಾಷೆ ಮತ್ತು ಸಾಹಿತ್ಯಗಳ ಅಧ್ಯಯನಕ್ಕೆ ಮೀಸಲಾದ ಸಂಪುಟದಲ್ಲಿ ಸೂಕ್ಷ್ಮಜೀವಿಗಳನ್ನು ಕುರಿತ ಲೇಖನಕ್ಕೆ ಎಡೆಯುಂಟೆ ಎಂಬ ಪ್ರಶ್ನೆ ಸಹಜವಾದುದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದಲ್ಲಿ ಬರೆದ ಬಿ.ಜಿ.ಎಲ್. ಸ್ವಾಮಿಯವರು ಈ ಪ್ರಶ್ನೆಗೆ ತಮ್ಮ ಕೃತಿಗಳ ಮೂಲಕವೇ ಉತ್ತರ ಕೊಟ್ಟಿದ್ದಾರೆ. ಪ್ರಸ್ತುತ ವಿಷಯಕ್ಕೆ ಇನ್ನೊಂದು ಸಮರ್ಥನೆಯೂ ಇದೆ. ಇಲ್ಲಿ ಚರ್ಚೆಗೆ ಎತ್ತಿಕೊಂಡಿರುವುದು ಒಂದು ಅರ್ಥದಲ್ಲಿ ಓದಿನ ಸಮಸ್ಯೆ. ಒಂದು ಅಕ್ಷರಸರಣಿಯನ್ನು ಗುರುತಿಸುವುದು, ಅದು ಸ್ವಕೀಯವೋ ಪರಕೀಯವೋ ಎಂದು ನಿರ್ಣಯಿಸುವುದು, ಪರಕೀಯವಾದರೆ ತೆಗೆದುಹಾಕುವುದು, ಇವು ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ತಿಳಿಯದ ಕೆಲಸಗಳಲ್ಲ. ಬ್ಯಾಕ್ಟೀರಿಯಗಳೂ ತಮ್ಮದೇ ರೀತಿಯಲ್ಲಿ ಈ ಕೆಲಸವನ್ನು ಮಾಡುತ್ತವೆ.

ಬ್ಯಾಕ್ಟೀರಿಯಗಳಿಗೂ ರೋಗ ಬರುತ್ತದೆ. ಅವುಗಳನ್ನು ಆಕ್ರಮಿಸಿ ಕೊಲ್ಲುವ ವೈರಸ್‌ಗಳಿಗೆ ಫೇಜ್‌ಗಳೆಂದು ಹೆಸರು. ಈ ಶತ್ರುಗಳಿಂದ ಪಾರಾಗಲು ಬ್ಯಾಕ್ಟೀರಿಯಗಳು ಹಲವು ಬಗೆಯ ರಕ್ಷಣೋಪಾಯಗಳನ್ನು ರೂಢಿಸಿಕೊಂಡಿವೆ. ಕಳೆದ ಕೆಲವು ದಶಕಗಳ ಸಂಶೋಧನೆಯಿಂದ ಒಂದು ಅನಿರೀಕ್ಷಿತ ಸಂಗತಿ ಹೊರಬಿದ್ದಿದೆ. ಹೊರಗಿನ ಶತ್ರುವನ್ನು ತಡೆಯಲೆಂದು ಇರುವ ಈ ವ್ಯವಸ್ಥೆಗಳು ಕೆಲವು ರೋಗಾಣುಗಳಲ್ಲಿ ಒಳಾಡಳಿತದಲ್ಲಿಯೂ ಪಾಲುಗೊಳ್ಳುತ್ತವೆ. ಮನುಷ್ಯನಿಗೆ ಅಥವಾ ಪ್ರಾಣಿಗಳಿಗೆ ರೋಗ ತರುವ ವಂಶವಾಹಿಗಳು ಯಾವಾಗ ಮಾತನಾಡಬೇಕು, ಯಾವಾಗ ಮೌನವಾಗಿರಬೇಕು ಎಂಬುದನ್ನು ನಿರ್ಧರಿಸುತ್ತವೆ. ಇದು ಹೇಗೆ ಸಾಧ್ಯ, ಇದಕ್ಕೆ ಎಂತಹ ಪುರಾವೆಗಳಿವೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ವಿವರಿಸಿ, ಕೊನೆಯಲ್ಲಿ ಚೆನ್ನೈ ಮತ್ತು ಅದರ ಸುತ್ತಣ ಪ್ರದೇಶದ ಕ್ಷಯರೋಗಾಣುಗಳಿಗೆ ಈ ತಿಳಿವಳಿಕೆಯನ್ನು ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

2

ಬ್ಯಾಕ್ಟೀರಿಯಗಳ ರಕ್ಷಣೋಪಾಯಗಳಲ್ಲಿ ಮೊದಲು ತಿಳಿದುಬಂದದ್ದು ನಿರ್ಬಂಧಕ ಕಿಣ್ವಗಳ ವ್ಯವಸ್ಥೆ. ಇದರಲ್ಲಿ ಎರಡು ಅಂಗಗಳಿವೆ. ಒಂದು ಕಿಣ್ವ ಡಿ.ಎನ್.ಎ.ಯಲ್ಲಿ ಕೆಲವೇ ಅಕ್ಷರಗಳ ಒಂದು ನಿರ್ದಿಷ್ಟ ಪದವನ್ನು ಹುಡುಕಿ ಕತ್ತರಿಸುತ್ತದೆ. ಇನ್ನೊಂದು ಕಿಣ್ವ ಅದೇ ಪದ ತನ್ನ ಸ್ವಂತ ಡಿ.ಎನ್.ಎ.ಯಲ್ಲಿ ಬಂದಾಗ ಅದರ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಮುದ್ರೆಯಂತೆ ಒತ್ತುತ್ತದೆ. ಮುದ್ರೆಯಿದ್ದರೆ ಸ್ವಕೀಯ, ಮುದ್ರೆಯಿಲ್ಲದಿದ್ದರೆ ಪರಕೀಯ. ಈ ಕಿಣ್ವಗಳ ಶೋಧಕ್ಕಾಗಿ ವರ್ನರ್ ಆರ್ಬರ್, ಡೇನಿಯಲ್ ನೇಥನ್ಸ್ ಮತ್ತು ಹ್ಯಾಮಿಲ್ಟನ್ ಸ್ಮಿತ್ ಅವರಿಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಎರಡನೆಯದು ಇಂದು ಕ್ರಿಸ್ಪರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ವ್ಯವಸ್ಥೆ. ಇದರ ಕಥೆ ಆರಂಭವಾಗುವುದು ಅರ್ಥವಾಗದ ಒಂದು ಬರಹದಿಂದ. 1987ರಲ್ಲಿ ಜಪಾನಿನ ಯೋಷಿಜುಮಿ ಇಷಿನೊ ಮತ್ತು ಸಂಗಡಿಗರು ಇ. ಕೋಲಿ ಎಂಬ ಬ್ಯಾಕ್ಟೀರಿಯದ ಒಂದು ವಂಶವಾಹಿಯ ಅಕ್ಷರಸರಣಿಯನ್ನು ಓದುತ್ತಿದ್ದಾಗ, ಅದರ ಪಕ್ಕದಲ್ಲಿ ಒಂದೇ ಬಗೆಯ ತುಣುಕು ಮತ್ತೆ ಮತ್ತೆ ಬರುವುದನ್ನೂ ಪ್ರತಿ ಎರಡು ತುಣುಕುಗಳ ನಡುವೆ ಬೇರೆ ಬೇರೆ ಅಕ್ಷರಗಳ ಖಂಡವೊಂದು ಇರುವುದನ್ನೂ ಕಂಡರು. ಪಲ್ಲವಿ ಮರುಕಳಿಸುತ್ತ ನಡುವೆ ಬೇರೆ ಬೇರೆ ಚರಣಗಳು ಬರುವ ಹಾಡಿನ ರಚನೆಗೆ ಇದನ್ನು ಹೋಲಿಸಬಹುದು. ಸ್ಪೇನ್ ದೇಶದ ಫ್ರಾನ್ಸಿಸ್ಕೊ ಮೊಹಿಕಾ ಅವರು ಉಪ್ಪುನೀರಿನಲ್ಲಿ ಬಾಳುವ ಸೂಕ್ಷ್ಮಜೀವಿಗಳಲ್ಲಿ ಇಂಥದೇ ರಚನೆಯನ್ನು ಗುರುತಿಸಿ 1993ರಲ್ಲಿ ಪ್ರಕಟಿಸಿದರು. ಈ ರಚನೆಗೆ ಕ್ರಿಸ್ಪರ್ ಎಂಬ ಹೆಸರು ಅಚ್ಚಿನಲ್ಲಿ ಬಂದದ್ದು 2002ರಲ್ಲಿ, ನೆದರ್ಲೆಂಡ್ಸಿನ ರೂಡ್ ಯಾನ್ಸನ್ ಮತ್ತು ಸಂಗಡಿಗರ ಪ್ರಬಂಧದಲ್ಲಿ. 2005ರಲ್ಲಿ ಮೊಹಿಕಾ ಅವರೂ ಇತರ ಎರಡು ತಂಡಗಳೂ ನಡುವಣ ಖಂಡಗಳಲ್ಲಿ ಹಲವು ಫೇಜ್‌ಗಳ ಡಿ.ಎನ್.ಎ.ಗೆ ಹೊಂದುತ್ತವೆ ಎಂದು ತೋರಿಸಿಕೊಟ್ಟರು. ಅರ್ಥವಾಗದೆ ಉಳಿದಿದ್ದ ಬರಹ ಹಳೆಯ ಶತ್ರುಗಳ ದಾಖಲೆಯೆಂದು ಆಗ ಸ್ಪಷ್ಟವಾಯಿತು.

2007ರಲ್ಲಿ ಮೊಸರು ಮತ್ತು ಚೀಸ್ ತಯಾರಿಕೆಯಲ್ಲಿ ಬಳಸುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯದಲ್ಲಿ ಇದರ ಪ್ರಾಯೋಗಿಕ ಪುರಾವೆ ಸಿಕ್ಕಿತು. ರೊಡಾಲ್ಫ್ ಬರಾಂಗು, ಫಿಲಿಪ್ ಓರ್ವಾತ್ ಮತ್ತು ಸಂಗಡಿಗರು ಈ ಬ್ಯಾಕ್ಟೀರಿಯವನ್ನು ಫೇಜ್‌ಗೆ ಒಡ್ಡಿದಾಗ, ಬದುಕುಳಿದ ಕೋಶಗಳು ಆ ಫೇಜಿನ ಡಿ.ಎನ್.ಎ. ತುಣುಕೊಂದನ್ನು ತಮ್ಮ ದಾಖಲೆಗೆ ಸೇರಿಸಿಕೊಂಡಿದ್ದವು. ಆ ತುಣುಕನ್ನು ತೆಗೆದರೆ ರಕ್ಷಣೆಯೂ ಹೋಗುತ್ತಿತ್ತು.

ಈ ವ್ಯವಸ್ಥೆಯ ಕಾರ್ಯವಿಧಾನವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮರುಕಳಿಸುವ ತುಣುಕುಗಳನ್ನು ಪುನರಾವೃತ್ತಿಗಳೆಂದೂ ಅವುಗಳ ನಡುವಣ ಖಂಡಗಳನ್ನು ಅಂತರಖಂಡಗಳೆಂದೂ ಕರೆಯೋಣ. ಅಂತರಖಂಡದಿಂದ ಒಂದು ಸಣ್ಣ ಆರ್.ಎನ್.ಎ. ನಕಲಾಗುತ್ತದೆ. ಅದು ಕ್ಯಾಸ್ ಎಂಬ ವರ್ಗದ ಪ್ರೋಟೀನನ್ನು ಕೂಡಿಕೊಂಡು ಅದಕ್ಕೆ ದಾರಿ ತೋರಿಸುತ್ತದೆ. ತನಗೆ ಹೊಂದುವ ಅಕ್ಷರಸರಣಿ ಎದುರಾದರೆ ಆರ್.ಎನ್.ಎ. ಅದರೊಂದಿಗೆ ಜೋಡಿಯಾಗುತ್ತದೆ, ಪ್ರೋಟೀನು ಅದನ್ನು ಕತ್ತರಿಸುತ್ತದೆ. ಹಾಗಾದರೆ ತನ್ನದೇ ದಾಖಲೆಯಲ್ಲಿರುವ ಅಂತರಖಂಡವನ್ನು ಅದು ಕತ್ತರಿಸುವುದಿಲ್ಲವೇಕೆ? ಇಂಥ ಹಲವು ವ್ಯವಸ್ಥೆಗಳಲ್ಲಿ ಗುರಿಯ ಪಕ್ಕದಲ್ಲಿ ಎರಡು ಮೂರು ಅಕ್ಷರಗಳ ಒಂದು ಗುರುತು ಇದ್ದರೆ ಮಾತ್ರ ಪ್ರೋಟೀನು ಹಿಡಿಯುತ್ತದೆ. ಫೇಜಿನ ಡಿ.ಎನ್.ಎ.ಯಲ್ಲಿ ಆ ಗುರುತಿರುತ್ತದೆ. ಬ್ಯಾಕ್ಟೀರಿಯದ ದಾಖಲೆಯಲ್ಲಿ ಇರುವುದಿಲ್ಲ. ಕ್ಯಾಸ್-9 ಎಂಬ ಪ್ರೋಟೀನಿನ ಈ ಗುಣವನ್ನು ಬಳಸಿಕೊಂಡು ಬೇಕಾದ ಡಿ.ಎನ್.ಎ.ಯನ್ನು ಬೇಕಾದೆಡೆ ಕತ್ತರಿಸಬಹುದೆಂದು 2012ರಲ್ಲಿ ತೋರಿಸಿದ ಎಮಾನ್ಯುಯೆಲ್ ಶಾರ್ಪಾಂತಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು.

ಕತ್ತರಿಯೆಂಬ ಈ ಖ್ಯಾತಿ ಎಷ್ಟು ಹಬ್ಬಿದೆಯೆಂದರೆ, ನಿಸರ್ಗದಲ್ಲಿ ಈ ವ್ಯವಸ್ಥೆ ಕತ್ತರಿಸದೆಯೂ ಕೆಲಸ ಮಾಡುತ್ತದೆ ಎಂಬ ಸಂಗತಿ ಸಾಮಾನ್ಯ ಓದುಗರ ಗಮನಕ್ಕೆ ಬಂದಿಲ್ಲ. ಮುಂದಿನ ಚರ್ಚೆಗೆ ಕೀಲಿಕೈಯಾಗಿರುವುದು ಅದೇ.

3

ಮೊಲ ಮೊದಲಾದ ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ಟ್ಯುಲರೀಮಿಯ ಎಂಬ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯದ ಹತ್ತಿರದ ಬಂಧು ಫ್ರಾನ್ಸಿಸೆಲ್ಲ ನೊವಿಸಿಡ. ಇದು ಮನುಷ್ಯರನ್ನು ಬಾಧಿಸುವುದು ಅಪರೂಪ. ಇಲಿಗಳಲ್ಲಿ ಮಾತ್ರ ತೀವ್ರ ರೋಗವನ್ನುಂಟುಮಾಡುತ್ತದೆ. ಈ ರೋಗಾಣು ಹೊಕ್ಕು ನೆಲಸುವುದು ರೋಗಾಣುಗಳನ್ನು ನುಂಗಿ ನಾಶಮಾಡಬೇಕಾದ ಮ್ಯಾಕ್ರೊಫೇಜ್ ಎಂಬ ರಕ್ಷಕಕೋಶಗಳ ಒಳಗೇ. ಅಲ್ಲಿ ಅದು ಉಳಿಯಬೇಕಾದರೆ ತನ್ನ ಗುರುತನ್ನು ಮರೆಸಿಕೊಳ್ಳಬೇಕು. ಅದರ ಹೊರಪದರದಲ್ಲಿ ಒಂದು ಲಿಪೊಪ್ರೋಟೀನು ಇದೆ. ಪ್ರಾಣಿದೇಹದ ಕೋಶಗಳ ಮೇಲಿರುವ ಟಿ.ಎಲ್.ಆರ್.-2 ಎಂಬ ಗ್ರಾಹಕ ಈ ಲಿಪೊಪ್ರೋಟೀನನ್ನು ಕಂಡೊಡನೆ ಎಚ್ಚರಿಕೆಯ ಸಂಕೇತವನ್ನು ಹೊರಡಿಸುತ್ತದೆ. ಆದ್ದರಿಂದ ದೇಹದೊಳಗೆ ಇರುವಷ್ಟು ಕಾಲ ಆ ಲಿಪೊಪ್ರೋಟೀನಿನ ತಯಾರಿಕೆಯನ್ನು ಅಡಗಿಸಿಡುವುದು ರೋಗಾಣುವಿಗೆ ಜೀವನ್ಮರಣದ ಪ್ರಶ್ನೆ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಟಿಮೊಥಿ ಸ್ಯಾಂಪ್ಸನ್, ಡೇವಿಡ್ ವೈಸ್ ಮತ್ತು ಸಂಗಡಿಗರು ಈ ಅಡಗಿಸುವ ಕೆಲಸವನ್ನು ಮಾಡುವುದು ಕ್ಯಾಸ್-9 ಎಂದು 2013ರಲ್ಲಿ ಪ್ರಕಟಿಸಿದರು. ಕ್ಯಾಸ್-9ರ ವಂಶವಾಹಿಯನ್ನು ತೆಗೆದುಹಾಕಿದಾಗ ಲಿಪೊಪ್ರೋಟೀನಿನ ತಯಾರಿಕೆ ವಿಪರೀತವಾಗಿ ಏರಿತು. ದೇಹದ ರಕ್ಷಣಾಪಡೆ ಎಚ್ಚತ್ತಿತು. ರೋಗಾಣು ಇಲಿಗಳಲ್ಲಿ ರೋಗ ತರಲಾರದಷ್ಟು ದುರ್ಬಲವಾಯಿತು. ಆದರೆ ಇಲ್ಲಿ ಕ್ಯಾಸ್-9ಕ್ಕೆ ದಾರಿ ತೋರಿಸುವುದು ಅಂತರಖಂಡದಿಂದ ಬಂದ ಮಾಮೂಲು ಆರ್.ಎನ್.ಎ. ಅಲ್ಲ. ಬೇರೊಂದು ಸಣ್ಣ ಆರ್.ಎನ್.ಎ. ಜೊತೆಗಾರ ಆರ್.ಎನ್.ಎ.ಯೊಂದನ್ನು ಕೂಡಿಕೊಂಡು ಆ ಕೆಲಸ ಮಾಡುತ್ತದೆ. ಅದರ ಗುರಿ ಶತ್ರುವಿನ ಬರಹವಲ್ಲ, ಸ್ವಂತದ ಬರಹ.

ಸ್ವಂತ ಡಿ.ಎನ್.ಎ.ಯನ್ನು ಕತ್ತರಿಸಿಕೊಂಡರೆ ಬ್ಯಾಕ್ಟೀರಿಯ ಸಾಯಬೇಕಲ್ಲವೆ? 2013ರ ಪ್ರಬಂಧ ಇದಕ್ಕೆ ಕೊಟ್ಟ ವಿವರಣೆಯ ಪ್ರಕಾರ ಕ್ಯಾಸ್-9 ಇಲ್ಲಿ ಹಿಡಿಯುವುದು ಡಿ.ಎನ್.ಎ.ಯನ್ನಲ್ಲ, ಅದರಿಂದ ನಕಲಾದ ಸಂದೇಶವಾಹಕ ಆರ್.ಎನ್.ಎ.ಯನ್ನು. ಅದೇ ಪ್ರಯೋಗಾಲಯದಿಂದ 2019ರಲ್ಲಿ ಬಂದ ಇನ್ನೊಂದು ಪ್ರಬಂಧ ಈ ವಿವರಣೆಯನ್ನು ತಿದ್ದಿತು. ಕ್ಯಾಸ್-9 ಹಿಡಿಯುವುದು ಡಿ.ಎನ್.ಎ.ಯನ್ನೇ, ಆದರೆ ಕತ್ತರಿಸುವುದಿಲ್ಲ. ಕಾರಣ ಹೊಂದಾಣಿಕೆಯ ಅಳತೆಯಲ್ಲಿದೆ. ದಾರಿ ತೋರಿಸುವ ಆರ್.ಎನ್.ಎ. ಗುರಿಯೊಂದಿಗೆ ಉದ್ದಕ್ಕೂ ಜೋಡಿಯಾದರೆ ಪ್ರೋಟೀನು ಕತ್ತರಿಸುವ ಭಂಗಿಗೆ ತಿರುಗುತ್ತದೆ. ಜೋಡಿ ಗಿಡ್ಡವಾಗಿದ್ದರೆ ಪ್ರೋಟೀನು ಹಿಡಿದುಕೊಂಡು ಕೂರುತ್ತದೆಯೇ ಹೊರತು ಕತ್ತರಿಸುವುದಿಲ್ಲ. ವಂಶವಾಹಿಯ ಆರಂಭದಲ್ಲಿ ಹೀಗೆ ಅದು ಅಡ್ಡ ಕುಳಿತಾಗ ನಕಲು ತೆಗೆಯುವ ಕಿಣ್ವಕ್ಕೆ ಮುಂದೆ ಹೋಗಲು ದಾರಿಯಿಲ್ಲ, ವಂಶವಾಹಿ ಮೌನವಾಗುತ್ತದೆ. ಹೀಗೆ ಅಂಕೆಗೆ ಒಳಗಾಗುವ ವಂಶವಾಹಿಗಳು ಒಟ್ಟು ನಾಲ್ಕು ಎಂದು ಅದೇ ಅಧ್ಯಯನದಲ್ಲಿ ತಿಳಿದುಬಂದಿತು.

ಪರಿಷ್ಕರಣಕಾರನ ಕೆಲಸದಿಂದ ಒಂದು ಹೋಲಿಕೆ ಕೊಡಬಹುದು. ಪ್ರಕ್ಷಿಪ್ತವೆಂದು ನಿಶ್ಚಯವಾದ ಪದ್ಯವನ್ನು ಅವನು ಮೂಲದಿಂದ ತೆಗೆದುಹಾಕುತ್ತಾನೆ. ಸಂದೇಹವಷ್ಟೇ ಇರುವ ಪದ್ಯವನ್ನು ಕಂಸದೊಳಗೆ ಇಡುತ್ತಾನೆ. ಎರಡನೆಯದರಲ್ಲಿ ಪಠ್ಯ ನಾಶವಾಗುವುದಿಲ್ಲ, ಓದಿನಿಂದ ಹೊರಗಿರುತ್ತದೆ. ಬೇಕಾದಾಗ ಕಂಸವನ್ನು ಕಳಚಬಹುದು. ಒಂದೇ ಕೈ, ಒಂದೇ ಲೇಖನಿ, ಎರಡು ಕ್ರಮಗಳು. ಕ್ಯಾಸ್-9 ಪೂರ್ಣ ಹೊಂದಾಣಿಕೆಯಲ್ಲಿ ಕತ್ತರಿಯೂ ಅಪೂರ್ಣ ಹೊಂದಾಣಿಕೆಯಲ್ಲಿ ಕಂಸವೂ ಆಗಬಲ್ಲುದು. ರಕ್ಷಣೆ ಮತ್ತು ನಿಯಂತ್ರಣ ಎಂಬ ಎರಡು ಕೆಲಸಗಳು ಒಂದೇ ಅಣುವಿನಲ್ಲಿ ಕೂಡಿಬಂದಿರುವುದರ ಮರ್ಮ ಇಷ್ಟೇ.

ಈ ಗುಣ ಒಂದೇ ಬ್ಯಾಕ್ಟೀರಿಯದ ವೈಚಿತ್ರ್ಯವಲ್ಲ. ಗಂಟಲುನೋವಿನಿಂದ ಹಿಡಿದು ಮಾರಕ ಸೋಂಕುಗಳವರೆಗೆ ಹಲವು ಕಾಯಿಲೆಗಳನ್ನು ತರುವ ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್‌ನಲ್ಲಿ ಕ್ಯಾಸ್-9 ತನ್ನ ಸ್ವಂತ ವಂಶವಾಹಿಯ ಮೇಲೆಯೇ ಇಂಥ ಕಂಸವನ್ನು ಹಾಕಿಕೊಳ್ಳುತ್ತದೆ ಎಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ತೋರಿಸಿದರು. ಈ ತಡೆಯನ್ನು ತೆಗೆದಾಗ ಹೊಸ ಫೇಜ್‌ಗಳ ತುಣುಕುಗಳನ್ನು ದಾಖಲಿಸಿಕೊಳ್ಳುವ ಪ್ರಮಾಣ ಸುಮಾರು 3,000 ಪಟ್ಟು ಹೆಚ್ಚಿತು. ಅದರೊಂದಿಗೆ ತನ್ನ ಡಿ.ಎನ್.ಎ.ಗೇ ಹಾನಿಯಾಗುವ ಅಪಾಯವೂ ಹೆಚ್ಚಿತು. ಕಾವಲುಗಾರ ಸದಾ ಕತ್ತಿ ಹಿರಿದು ನಿಂತರೆ ಮನೆಯವರಿಗೂ ಕ್ಷೇಮವಿಲ್ಲ. ಆದಕಾರಣ ಕಾವಲಿಗೂ ಅಂಕುಶ ಬೇಕಾಗುತ್ತದೆ.

4

ಅಂಕುಶದ ಈ ಪಾತ್ರವನ್ನು ನಿರ್ಬಂಧಕ ಕಿಣ್ವಗಳ ಹಳೆಯ ವ್ಯವಸ್ಥೆಯಲ್ಲಿಯೂ ಕಾಣಬಹುದು. ಇದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ನಡೆದ ಕೆಲಸವೊಂದು ಉತ್ತಮ ನಿದರ್ಶನ. ಜಠರದಲ್ಲಿ ನೆಲಸಿ ಹುಣ್ಣನ್ನೂ ಕೆಲವರಲ್ಲಿ ಕ್ಯಾನ್ಸರನ್ನೂ ಉಂಟುಮಾಡುವ ಹೆಲಿಕೊಬ್ಯಾಕ್ಟರ್ ಪೈಲೊರಿಯಲ್ಲಿ ಈ ಬಗೆಯ ಕಿಣ್ವಗಳು ಹೇರಳವಾಗಿವೆ. ಆ ಪೈಕಿ ಒಂದು ಮೀಥೈಲ್ ಮುದ್ರೆಯೊತ್ತುವ ಕಿಣ್ವ ಜೊತೆಗಾರನಿಲ್ಲದ ಒಂಟಿ. ಅದರ ಸಂಗಾತಿಯಾಗಿ ಕತ್ತರಿಸುವ ಕಿಣ್ವವಿಲ್ಲ. ಡಿ. ಎನ್. ರಾವ್ ಮತ್ತು ಸಂಗಡಿಗರು ಈ ಒಂಟಿ ಕಿಣ್ವದ ವಂಶವಾಹಿಯನ್ನು ಎರಡು ತಳಿಗಳಲ್ಲಿ ತೆಗೆದುಹಾಕಿ ನೋಡಿದರು. ಬ್ಯಾಕ್ಟೀರಿಯದ ಚಲನೆ, ಅಂಟಿಕೊಳ್ಳುವ ಶಕ್ತಿ ಮತ್ತು ರೋಗಕಾರಕತೆಗೆ ಸಂಬಂಧಪಟ್ಟ ಹಲವು ವಂಶವಾಹಿಗಳ ಅಭಿವ್ಯಕ್ತಿ ಬದಲಾಯಿತೆಂದು 2012ರಲ್ಲಿ ಅವರು ವರದಿ ಮಾಡಿದರು. ಕತ್ತಿ ಕಳೆದುಹೋದ ಮೇಲೆ ಉಳಿದ ಮುದ್ರೆ ಆಡಳಿತದ ಮುದ್ರೆಯಾಗಿ ಮುಂದುವರಿದಂತಿದೆ.

ನ್ಯುಮೋನಿಯ ತರುವ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆಯಲ್ಲಿ ಇದಕ್ಕಿಂತ ವಿಚಿತ್ರವಾದ ಏರ್ಪಾಡೊಂದಿದೆ. ಅದರ ಒಂದು ನಿರ್ಬಂಧಕ ವ್ಯವಸ್ಥೆ ತನ್ನ ವಂಶವಾಹಿಯ ತುಣುಕುಗಳನ್ನು ಅದಲುಬದಲು ಮಾಡಿಕೊಂಡು ಆರು ರೂಪಗಳನ್ನು ತಳೆಯಬಲ್ಲುದು. ರೂಪ ಬದಲಾದಂತೆ ಮುದ್ರೆ ಬೀಳುವ ಸ್ಥಳಗಳು ಬದಲಾಗುತ್ತವೆ; ಅದರೊಂದಿಗೆ ರೋಗಕಾರಕ ಶಕ್ತಿಯೂ ಬದಲಾಗುತ್ತದೆ ಎಂದು 2014ರಲ್ಲಿ ತಿಳಿದುಬಂದಿತು.

ಮತ್ತೆ ಕ್ರಿಸ್ಪರ್ ಕಡೆಗೆ ಬಂದರೆ, ಕೆರೆ, ಕೊಳಾಯಿ, ತಂಪುಗೋಪುರಗಳ ನೀರಿನಲ್ಲಿ ಬಾಳುವ ಲೀಜಿಯೊನೆಲ್ಲ ನ್ಯುಮೊಫಿಲ ಎಂಬ ರೋಗಾಣು ಅಮೀಬಗಳ ಒಳಗೆ ಬೆಳೆಯಬೇಕಾದರೆ ಕ್ಯಾಸ್-2 ಎಂಬ ಪ್ರೋಟೀನು ಅಗತ್ಯವೆಂದು 2013ರ ಒಂದು ಅಧ್ಯಯನ ತೋರಿಸಿದೆ. ಮನುಷ್ಯನ ಮ್ಯಾಕ್ರೊಫೇಜ್‌ಗಳಲ್ಲಿ ಬೆಳೆಯಲು ಅದು ಬೇಕಾಗಿಲ್ಲ. ಆದರೂ ಅಮೀಬಗಳೇ ಈ ರೋಗಾಣುವಿನ ಸಹಜ ಆಶ್ರಯವಾದುದರಿಂದ, ಅದು ಮನುಷ್ಯರನ್ನು ತಲಪುವ ದಾರಿಯಲ್ಲಿ ಈ ಪ್ರೋಟೀನಿಗೂ ಒಂದು ಪಾತ್ರವಿದೆ. ಸಾಲ್ಮೊನೆಲ್ಲ ಟೈಫಿಮ್ಯೂರಿಯಂ ಬ್ಯಾಕ್ಟೀರಿಯ ಕೂಡಿ ಕಟ್ಟುವ ಲೋಳೆಪದರದ ಬಗ್ಗೆ ರಾಜಸ್ಥಾನದ ಪಿಲಾನಿಯ ಬಿಟ್ಸ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕೆಲಸವೂ ಇಲ್ಲಿ ಉಲ್ಲೇಖಾರ್ಹ. ಅದರ ಪ್ರಕಾರ ಕ್ರಿಸ್ಪರ್ ವ್ಯವಸ್ಥೆ ಪಾತ್ರೆಯ ಮೈಗೆ ಅಂಟಿ ಬೆಳೆಯುವ ಪದರಕ್ಕೆ ನೆರವಾಗುತ್ತದೆ. ದ್ರವದ ಮೇಲ್ಮೈಯಲ್ಲಿ ಕೆನೆಯಂತೆ ಕಟ್ಟುವ ಪದರವನ್ನು ತಡೆಯುತ್ತದೆ. ಲೋಳೆಪದರದೊಳಗಿನ ಬ್ಯಾಕ್ಟೀರಿಯಗಳು ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಇದು ವೈದ್ಯಕೀಯ ದೃಷ್ಟಿಯಿಂದಲೂ ಮಹತ್ವದ್ದು.

5

ಇಷ್ಟು ನಿದರ್ಶನಗಳನ್ನು ಕಂಡ ಮೇಲೆ ರಕ್ಷಣಾವ್ಯವಸ್ಥೆ ಇರುವಲ್ಲೆಲ್ಲ ಅದು ರೋಗಕಾರಕ ಶಕ್ತಿಯನ್ನೂ ಆಳುತ್ತದೆಂದು ಭಾವಿಸುವ ಪ್ರಲೋಭನೆ ಉಂಟಾಗುತ್ತದೆ. ಅದನ್ನು ತಡೆಯಬೇಕು. ಮೂರು ಬಗೆಯ ಸಂಬಂಧಗಳನ್ನು ಒಂದರೊಡನೊಂದು ಬೆರಸಬಾರದು.

ಮೊದಲನೆಯದು ನೇರ ನಿಯಂತ್ರಣ. ಫ್ರಾನ್ಸಿಸೆಲ್ಲದ ಉದಾಹರಣೆ ಈ ವರ್ಗಕ್ಕೆ ಸೇರುತ್ತದೆ.

ಎರಡನೆಯದು ಪರೋಕ್ಷ ಪರಿಣಾಮ. ಎಷ್ಟೋ ರೋಗಾಣುಗಳ ವಿಷದ ವಂಶವಾಹಿಗಳು ಅವುಗಳಿಗೆ ಫೇಜ್‌ಗಳ ಮೂಲಕ ಬಂದ ಬಳುವಳಿ. ಕಾಲರಾ ರೋಗಾಣುವಿನ ವಿಷ ಇಂಥದೆಂದು 1996ರಲ್ಲಿ ಗೊತ್ತಾಯಿತು. ಗಂಟಲಮಾರಿ, ಅಂದರೆ ಡಿಫ್ತೀರಿಯದ ವಿಷದ ವಿಚಾರವೂ ಹೀಗೆಯೇ. ಫೇಜನ್ನು ಬಾಗಿಲಲ್ಲೇ ತಡೆಯುವ ವ್ಯವಸ್ಥೆ ಇಂಥ ಬಳುವಳಿಯನ್ನೂ ತಡೆದೀತು. ಅದರಂತೆಯೇ ಆಸ್ಪತ್ರೆಗಳಲ್ಲಿ ಕಾಣುವ ಎಂಟರೊಕಾಕಸ್ ಬ್ಯಾಕ್ಟೀರಿಯಗಳಲ್ಲಿ ಹಲವು ಔಷಧಿಗಳಿಗೆ ಜಗ್ಗದ ತಳಿಗಳಿಗೆ ಕ್ರಿಸ್ಪರ್ ರಕ್ಷಣೆ ಇಲ್ಲದಿರುವುದೇ ಹೆಚ್ಚು ಎಂದು 2010ರಲ್ಲಿ ವರದಿಯಾಗಿದೆ. ಇವು ಯಾವ ವಂಶವಾಹಿಗಳು ಮನೆಯೊಳಗೆ ಬರಬೇಕು ಎಂಬುದಕ್ಕೆ ಸಂಬಂಧಿಸಿದವು. ಒಳಗಿರುವ ವಂಶವಾಹಿಗಳ ನಿಯಂತ್ರಣವಲ್ಲ.

ಮೂರನೆಯದು ನಿಯಂತ್ರಣದಂತೆ ತೋರುವ ಅಪಘಾತ. ಸ್ಯೂಡೊಮೊನಾಸ್ ಎರುಜಿನೋಸದಲ್ಲಿ ಫೇಜ್ ಒಂದು ಡಿ.ಎನ್.ಎ.ಯೊಳಗೆ ಹುದುಗಿ ಕುಳಿತಿರುವಾಗ ಕ್ರಿಸ್ಪರ್ ವ್ಯವಸ್ಥೆಯಿಂದಾಗಿ ಲೋಳೆಪದರ ಕಟ್ಟುವುದು ನಿಂತುಹೋಗುತ್ತದೆ ಎಂದು 2009ರಲ್ಲಿ ಪ್ರಕಟವಾಯಿತು. ಕ್ರಿಸ್ಪರ್ ಲೋಳೆಪದರವನ್ನು ನಿಯಂತ್ರಿಸುತ್ತದೆ ಎಂದು ಆಗ ಅರ್ಥೈಸಲು ಅವಕಾಶವಿತ್ತು. 2015ರಲ್ಲಿ ಬಂದ ವಿವರಣೆ ಬೇರೆಯಾಗಿತ್ತು. ಒಳಗೆ ಹುದುಗಿದ ಫೇಜಿನೊಂದಿಗೆ ಅರೆಬರೆ ಹೊಂದಾಣಿಕೆಯಾಗಿ ಡಿ.ಎನ್.ಎ.ಗೆ ಪೆಟ್ಟು ಬೀಳುತ್ತದೆ; ಕೋಶದ ಆಪತ್ಕಾಲದ ವ್ಯವಸ್ಥೆ ಎಚ್ಚತ್ತು ಫೇಜಿನ ಕೆಲವು ವಂಶವಾಹಿಗಳು ಕೆರಳುತ್ತವೆ; ಪದರ ಕಟ್ಟಲು ಸೇರಿದ ಕೋಶಗಳು ಸಾಯುತ್ತವೆ. ಅರೆಹೊಂದಾಣಿಕೆ ಇಲ್ಲಿಯೂ ಇದೆ, ಫ್ರಾನ್ಸಿಸೆಲ್ಲದಲ್ಲಿಯೂ ಇದೆ. ಅಲ್ಲಿ ಅದು ಆಡಳಿತ, ಇಲ್ಲಿ ಅನಾಹುತ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಬಗೆಯಾಗಿ ಕಂಡಾವು.

ಹಾಗಾದರೆ ನಿಯಂತ್ರಣವೆಂದು ಒಪ್ಪಲು ಎಂತಹ ಪುರಾವೆ ಬೇಕು? ರಕ್ಷಣಾವ್ಯವಸ್ಥೆಯ ಒಂದು ಅಂಗವನ್ನು ತೆಗೆದಾಗ ರೋಗಕಾರಕ ವಂಶವಾಹಿಯ ವರ್ತನೆ ಬದಲಾಗಬೇಕು. ಅದೇ ಅಂಗವನ್ನು ಮರಳಿ ಕೊಟ್ಟಾಗ ಮೊದಲಿನ ಸ್ಥಿತಿ ಬರಬೇಕು. ಜೋಡಿಯಾಗುವ ಅಕ್ಷರಗಳನ್ನಷ್ಟೇ ಬದಲಿಸಿದಾಗ ಪರಿಣಾಮ ಇಲ್ಲವಾಗಬೇಕು. ಈ ಮೂರು ಒರೆಗಳಿಗೂ ಹಚ್ಚದೆ ಸಹಸಂಬಂಧವನ್ನು ಕಾರ್ಯಕಾರಣವೆಂದು ಹೇಳಲಾಗದು.

6

ಈ ಎಚ್ಚರ ಎಷ್ಟು ಅಗತ್ಯವೆಂಬುದು ಚೆನ್ನೈ ಸುತ್ತಲಿನ ಕ್ಷಯರೋಗಾಣುಗಳ ವಿಚಾರದಲ್ಲಿ ಸ್ಪಷ್ಟವಾಗುತ್ತದೆ. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರ ಇಂದು ರಾಷ್ಟ್ರೀಯ ಕ್ಷಯರೋಗ ಸಂಶೋಧನ ಸಂಸ್ಥೆಯೆಂದು ಹೆಸರಾಗಿದೆ. ಕ್ಷಯರೋಗಿಗಳಿಗೆ ಮನೆಯಲ್ಲಿಯೇ ಔಷಧಿ ಕೊಟ್ಟರೂ ಆರೋಗ್ಯಧಾಮದಲ್ಲಿಟ್ಟು ಕೊಟ್ಟಷ್ಟೇ ಫಲ ಸಿಗುತ್ತದೆಂದು ಜಗತ್ತಿಗೆ ತೋರಿಸಿಕೊಟ್ಟದ್ದು ಈ ಕೇಂದ್ರ. ನಗರದ ಉತ್ತರದಂಚಿನಲ್ಲಿ ತೈಲ ಶುದ್ಧೀಕರಣ ಮತ್ತು ರಾಸಾಯನಿಕ ಕಾರ್ಖಾನೆಗಳು ನೆಲೆಗೊಂಡಿರುವ ಮಣಲಿ ಹಿಂದೆ ಚೆಂಗಲ್ಪಟ್ಟು ಜಿಲ್ಲೆಗೆ ಸೇರಿತ್ತು. 1997ರಲ್ಲಿ ಆ ಜಿಲ್ಲೆ ಒಡೆದಾಗ ತಿರುವಳ್ಳೂರು ಜಿಲ್ಲೆಯ ಪಾಲಾಯಿತು. 2018ರಲ್ಲಿ ಚೆನ್ನೈ ಜಿಲ್ಲೆಗೆ ಸೇರಿತು. ಆ ಹಳೆಯ ಚೆಂಗಲ್ಪಟ್ಟು ಜಿಲ್ಲೆಯ ಊರುಗಳು ಕ್ಷಯರೋಗದ ಇತಿಹಾಸದಲ್ಲಿ ಲೋಕಪ್ರಸಿದ್ಧ. 1968ರಲ್ಲಿ ಅಲ್ಲಿ ಆರಂಭವಾದ ಬಿ.ಸಿ.ಜಿ. ಲಸಿಕೆಯ ಬೃಹತ್ ಪ್ರಯೋಗದಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯದಿಂದ ಲಸಿಕೆ ರಕ್ಷಣೆ ಕೊಡಲಿಲ್ಲವೆಂಬ ಫಲಿತಾಂಶ ವೈದ್ಯಲೋಕವನ್ನು ಚಕಿತಗೊಳಿಸಿತು.

ಅದಕ್ಕೂ ಮೊದಲೇ, 1960ರಲ್ಲಿ, ಡಿ. ಎ. ಮಿಚಿಸನ್ ಮತ್ತು ಮದರಾಸು ಕೇಂದ್ರದ ಸಂಗಡಿಗರು ಇನ್ನೊಂದು ವಿಷಯವನ್ನು ಪ್ರಕಟಿಸಿದ್ದರು. ದಕ್ಷಿಣ ಭಾರತದ ರೋಗಿಗಳಿಂದ ತೆಗೆದ ಕ್ಷಯಾಣುಗಳಲ್ಲಿ ಹಲವು, ಗಿನಿಯಿಲಿಗಳಲ್ಲಿ ಪರೀಕ್ಷಿಸಿದಾಗ, ಬ್ರಿಟಿಷ್ ರೋಗಿಗಳ ಕ್ಷಯಾಣುಗಳಿಗಿಂತ ಕಡಮೆ ಉಗ್ರವಾಗಿದ್ದವು. ಅದೇ ಹೆಸರಿನ ರೋಗಾಣು ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ಉಗ್ರತೆಯನ್ನು ತೋರುವುದೇಕೆ ಎಂಬ ಪ್ರಶ್ನೆ ಅಂದಿನಿಂದ ಉಳಿದುಬಂದಿದೆ.

ಈ ಪ್ರಶ್ನೆಗೂ ಕ್ರಿಸ್ಪರ್‌ಗೂ ಏನು ಸಂಬಂಧ? ಕ್ಷಯಾಣುವಿನ ಡಿ.ಎನ್.ಎ.ಯಲ್ಲಿ 36 ಅಕ್ಷರಗಳ ಪುನರಾವೃತ್ತಿಗಳೂ ಅವುಗಳ ನಡುವೆ ಅಂತರಖಂಡಗಳೂ ಇರುವ ಪ್ರದೇಶವೊಂದನ್ನು 1991ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ವರ್ಣಿಸಿದರು. ಐ.ಎಸ್.6110 ಎಂಬ ಅಲೆಮಾರಿ ಡಿ.ಎನ್.ಎ. ತುಣುಕು ಬಂದು ಸೇರಿಕೊಳ್ಳಲು ಮೆಚ್ಚುವ ತಾಣವೆಂದು ಅದು ಅವರ ಗಮನಕ್ಕೆ ಬಂದಿತ್ತು. ಅದು ರಕ್ಷಣಾವ್ಯವಸ್ಥೆಯ ದಾಖಲೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಐ.ಎಸ್.6110 ತುಣುಕಿನ ಪ್ರತಿಗಳು ಎಷ್ಟಿವೆ, ಎಲ್ಲಿವೆ ಎಂಬುದರ ಮೇಲೆ ತಳಿಗಳನ್ನು ಗುರುತಿಸುವ ವಿಧಾನ ಆ ವೇಳೆಗೆ ಬಳಕೆಗೆ ಬಂದಿತ್ತು. ಮದರಾಸಿನ ಸಂಶೋಧಕರು 1990ರ ದಶಕದಲ್ಲಿ ಈ ವಿಧಾನವನ್ನು ಬಳಸಿದಾಗ ಒಂದು ತೊಡಕು ಕಂಡಿತು. ಇಲ್ಲಿನ ತಳಿಗಳಲ್ಲಿ ದೊಡ್ಡ ಪಾಲಿನವಕ್ಕೆ ಆ ತುಣುಕಿನ ಒಂದೇ ಪ್ರತಿ ಇತ್ತು. ಒಂದೇ ಪ್ರತಿಯಿರುವ ತಳಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದು ಇದೇ ಪುನರಾವೃತ್ತಿಗಳ ಪ್ರದೇಶದಲ್ಲಿ. ಹೀಗಾಗಿ ಆ ತಳಿಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಕಷ್ಟವಾಯಿತು.

1997ರಲ್ಲಿ ನೆದರ್ಲೆಂಡ್ಸಿನ ತಂಡ ಅಂತರಖಂಡಗಳನ್ನೇ ಓದಿ ತಳಿಗಳನ್ನು ಗುರುತಿಸುವ ಸ್ಪಾಲಿಗೊಟೈಪಿಂಗ್ ಎಂಬ ವಿಧಾನವನ್ನು ರೂಪಿಸಿತು. ಇದರಲ್ಲಿ 43 ಅಂತರಖಂಡಗಳ ಪೈಕಿ ಯಾವುದಿದೆ, ಯಾವುದಿಲ್ಲ ಎಂದು ನೋಡುತ್ತಾರೆ. ಚೆನ್ನೈ ಮತ್ತು ತಿರುವಳ್ಳೂರಿನ ಕ್ಷಯಾಣುಗಳನ್ನು ಈ ವಿಧಾನದಿಂದ ಓದಿದಾಗ ಅವುಗಳಲ್ಲಿ ಹೆಚ್ಚಿನವು ಪೂರ್ವ ಆಫ್ರಿಕ-ಭಾರತೀಯ ಎಂಬ ಪ್ರಾಚೀನ ಕವಲಿಗೆ ಸೇರಿದವೆಂದು ತಿಳಿದುಬಂದಿತು. 29ರಿಂದ 32ರವರೆಗಿನ ಮತ್ತು 34ನೆಯ ಅಂತರಖಂಡಗಳು ಇಲ್ಲದಿರುವುದು ಈ ಕವಲಿನ ಲಕ್ಷಣ. ಪೂರ್ವ ಏಷ್ಯದಲ್ಲಿ ಪ್ರಬಲವಾಗಿರುವ, ಔಷಧ ನಿರೋಧಕತೆಗೆ ಹೆಸರಾದ ಬೀಜಿಂಗ್ ಕವಲಿನಲ್ಲಿ 1ರಿಂದ 34ರವರೆಗಿನ ಅಂತರಖಂಡಗಳೇ ಇಲ್ಲ. ಅದರ ಜೊತೆಗೆ ಕೆಲವು ಕ್ಯಾಸ್ ವಂಶವಾಹಿಗಳೂ ಹೋಗಿವೆ.

ಈಗ ಪ್ರಲೋಭನೆಯ ಸ್ವರೂಪ ಸ್ಪಷ್ಟವಾಗುತ್ತದೆ. ಒಂದು ಕಡೆ ಕ್ರಿಸ್ಪರ್ ದಾಖಲೆ ಬಹುಮಟ್ಟಿಗೆ ಉಳಿದಿರುವ, ಗಿನಿಯಿಲಿಗಳಲ್ಲಿ ಸೌಮ್ಯವಾಗಿ ತೋರಿದ ದಕ್ಷಿಣ ಭಾರತದ ತಳಿಗಳು. ಇನ್ನೊಂದು ಕಡೆ ಆ ದಾಖಲೆಯ ಬಹುಭಾಗವನ್ನು ಕಳೆದುಕೊಂಡ, ಉಗ್ರವೆನಿಸಿದ ಬೀಜಿಂಗ್ ತಳಿಗಳು. ಕ್ರಿಸ್ಪರ್ ಇದ್ದಲ್ಲಿ ಉಗ್ರತೆಗೆ ಕಡಿವಾಣ, ಇಲ್ಲದಲ್ಲಿ ಸ್ವೇಚ್ಛೆ ಎಂದು ಒಂದು ಸುಂದರ ಸಿದ್ಧಾಂತವನ್ನು ಕಟ್ಟಲು ಇಷ್ಟು ಸಾಲದೆ?

ಸಾಲದು. ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಇದರ ಕಾರಣ ಕೂಡಲೇ ಹೊಳೆಯುತ್ತದೆ. ಎರಡು ಹಸ್ತಪ್ರತಿಗಳಲ್ಲಿ ಒಂದೇ ಕಡೆ ಓಲೆ ಲೋಪವಾಗಿದ್ದರೆ ಅವೆರಡೂ ಒಂದೇ ಮಾತೃಕೆಯಿಂದ ಬಂದವೆಂದು ಊಹಿಸುತ್ತೇವೆ. ಲೋಪ ಬಾಂಧವ್ಯವನ್ನು ಹೇಳುತ್ತದೆ. ಆ ಪ್ರತಿಗಳಲ್ಲಿರುವ ಉಳಿದ ಪಾಠಭೇದಗಳಿಗೆ ಆ ಲೋಪವೇ ಕಾರಣವೆಂದು ಯಾರೂ ಹೇಳುವುದಿಲ್ಲ. ಕ್ಷಯಾಣು ಇತರ ಬ್ಯಾಕ್ಟೀರಿಯಗಳಂತೆ ತಳಿತಳಿಗಳ ನಡುವೆ ಡಿ.ಎನ್.ಎ. ವಿನಿಮಯ ಮಾಡಿಕೊಳ್ಳುವುದಿಲ್ಲವೆಂದೇ ಹೇಳಬಹುದು. ಹಾಗಾಗಿ ಒಂದು ಕವಲಿನ ಎಲ್ಲ ವ್ಯತ್ಯಾಸಗಳೂ ಒಟ್ಟೊಟ್ಟಿಗೆ ವಂಶಪಾರಂಪರ್ಯವಾಗಿ ಸಾಗಿಬರುತ್ತವೆ. ಬೀಜಿಂಗ್ ಕವಲು ಕ್ರಿಸ್ಪರ್ ಪ್ರದೇಶವೊಂದರಲ್ಲಿ ಮಾತ್ರವಲ್ಲ, ನೂರಾರು ಅಕ್ಷರಗಳಲ್ಲಿ ದಕ್ಷಿಣ ಭಾರತದ ಕವಲಿಗಿಂತ ಭಿನ್ನವಾಗಿದೆ. ಉಗ್ರತೆಗೆ ಕಾರಣ ಆ ನೂರಾರರಲ್ಲಿ ಯಾವುದೂ ಆಗಿರಬಹುದು.

ಆದರೂ ಪ್ರಶ್ನೆಯನ್ನು ಮುಚ್ಚಿಬಿಡುವಂತಿಲ್ಲ. ಕ್ಷಯಾಣುವಿನ ಕವಲುಗಳು ಅಂತರಖಂಡಗಳನ್ನು ಕಳೆದುಕೊಳ್ಳುತ್ತ ಬಂದಿವೆಯೇ ಹೊರತು ಹೊಸದನ್ನು ಸೇರಿಸಿಕೊಂಡ ಕುರುಹಿಲ್ಲ. ಹೊಸ ಶತ್ರುಗಳನ್ನು ದಾಖಲಿಸುವುದನ್ನು ನಿಲ್ಲಿಸಿದ ಈ ವ್ಯವಸ್ಥೆಯ ಯಂತ್ರ ಮಾತ್ರ ತುಕ್ಕು ಹಿಡಿದಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಷಯಾಣುವಿನ ಕ್ಯಾಸ್ ಪ್ರೋಟೀನುಗಳನ್ನು ಇ. ಕೋಲಿಯೊಳಗೆ ಇಟ್ಟು ನೋಡಿದಾಗ ಅವು ಪರಕೀಯ ಆರ್.ಎನ್.ಎ.ಯನ್ನು ಗುರುತಿಸಿ, ಸಂಕೇತದ ಅಣುಗಳನ್ನು ತಯಾರಿಸಿ, ರಕ್ಷಣೆ ಕೊಟ್ಟವೆಂದು 2019ರಲ್ಲಿ ಪ್ರಕಟಿಸಿದರು. ಬಳಕೆಯಿಲ್ಲದ ಆಯುಧವನ್ನು ಸಾವಿರಾರು ವರ್ಷ ಸುಸ್ಥಿತಿಯಲ್ಲಿ ಇಟ್ಟುಕೊಂಡು ಬರಲು ಕಾರಣವೇನಾದರೂ ಇರಬೇಕು. ಅದು ಒಳಾಡಳಿತದ ಕಾರಣವೆ? ಫ್ರಾನ್ಸಿಸೆಲ್ಲದಲ್ಲಿ ಹಚ್ಚಿದ ಮೂರು ಒರೆಗಳನ್ನು ದಕ್ಷಿಣ ಭಾರತದ ತಳಿಗಳಿಗೇ ಹಚ್ಚಿದಾಗ ಮಾತ್ರ ಇದಕ್ಕೆ ಉತ್ತರ ದೊರೆತೀತು. ಜಗತ್ತಿನ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ತಳಿಗಳು ಬೇರೆ ಕವಲಿನವು. ಅವುಗಳ ಫಲಿತಾಂಶವನ್ನು ಇಲ್ಲಿಯ ರೋಗಿಗಳ ಕ್ಷಯಾಣುಗಳಿಗೆ ಹಾಗೆಯೇ ಅನ್ವಯಿಸಲಾಗದು.

7

ಒಟ್ಟಿನಲ್ಲಿ ಹೇಳುವುದಾದರೆ, ಬ್ಯಾಕ್ಟೀರಿಯಗಳ ರಕ್ಷಣಾವ್ಯವಸ್ಥೆಯ ತಿರುಳು ಇರುವುದು ಕತ್ತರಿಸುವುದರಲ್ಲಿ ಅಲ್ಲ, ಗುರುತಿಸುವುದರಲ್ಲಿ. ಗುರುತಿಸಬಲ್ಲ ಅಣು ಪರರ ಬರಹವನ್ನು ಅಳಿಸಲೂಬಹುದು, ತನ್ನ ಬರಹವನ್ನು ಕಂಸದೊಳಗಿಡಲೂಬಹುದು. ಫ್ರಾನ್ಸಿಸೆಲ್ಲದಲ್ಲಿ ಇದು ಅಣುಮಟ್ಟದಲ್ಲಿ ಸಿದ್ಧಪಟ್ಟಿದೆ. ಹೆಲಿಕೊಬ್ಯಾಕ್ಟರ್ ಮತ್ತು ಸಾಲ್ಮೊನೆಲ್ಲಗಳಲ್ಲಿ ಬಲವಾದ ಸೂಚನೆಗಳಿವೆ. ಕ್ಷಯಾಣುವಿನಲ್ಲಿ ಪ್ರಶ್ನೆ ತೆರೆದೇ ಇದೆ.

ಈ ಭೇದಗಳನ್ನು ಉಳಿಸಿಕೊಳ್ಳುವುದು ಬರಿಯ ಪಾಂಡಿತ್ಯದ ಹಟವಲ್ಲ. ರೋಗಾಣುವನ್ನು ಕೊಲ್ಲದೆ ಅದರ ಉಗ್ರತೆಯನ್ನು ಮಾತ್ರ ಅಡಗಿಸುವ ಔಷಧಿಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ರಕ್ಷಣಾವ್ಯವಸ್ಥೆಯ ಅಂಕುಶ ಅಂಥ ಔಷಧಿಗೆ ಗುರಿಯಾಗಬಲ್ಲುದು. ಆದರೆ ಅಂಕುಶ ಯಾವ ರೋಗಾಣುವಿನಲ್ಲಿ ಉಗ್ರತೆಯನ್ನು ಕಾಪಾಡುತ್ತದೆ, ಯಾವುದರಲ್ಲಿ ತಡೆಯುತ್ತದೆ ಎಂದು ತಿಳಿಯದೆ ಅದರ ಮೇಲೆ ಕೈಯಿಟ್ಟರೆ ಸೌಮ್ಯವಾದದ್ದು ಕೆರಳೀತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ಅವರ ದೇಹದಲ್ಲಿರುವ ರೋಗಾಣುವಿನ ಬರಹವನ್ನು, ಅದರ ಲೋಪಗಳನ್ನೂ ಸೇರಿಸಿಕೊಂಡು, ಸರಿಯಾಗಿ ಓದುವ ಹೊಣೆ ಇಲ್ಲಿನ ವಿದ್ವಾಂಸರ ಮೇಲಿದೆ. ಪಾಠ ನಿಶ್ಚಯವಾಗುವ ಮುನ್ನ ಅರ್ಥ ಹೇಳಬಾರದೆಂಬ ನಮ್ಮ ಗ್ರಂಥಸಂಪಾದನೆಯ ಶಿಸ್ತು ಆ ಓದಿಗೂ ಸಲ್ಲುತ್ತದೆ.